ಅವಸರವಿಲ್ಲದ ಕೋಣೆ

ಕಳೆದ ವಾರ ಶಿರ್ವದ ಹತ್ತಿರ ಒಂದು ಮನೆಯ ಕೆಲಸ ನೋಡಲು ಹೋಗಿದ್ದೆ. ಗೇಟು ದಾಟುತ್ತಿದ್ದ ಹಾಗೆ ಆ ವಾಸನೆ ಬಂತು. ಆಗಷ್ಟೇ ಕೊಯ್ದ ಮುರಕಲ್ಲಿಗೆ ನೀರು ಬಿದ್ದಾಗ ಏಳುವ, ಅತ್ತ ಮಣ್ಣಿನದ್ದೂ ಅಲ್ಲದ ಇತ್ತ ಕಬ್ಬಿಣದ್ದೂ ಅಲ್ಲದ ವಾಸನೆ. ದುಬೈಯಲ್ಲಿರುವ ಯಜಮಾನರಿಗೆ ಗೋಡೆ ಸಿಮೆಂಟು ಬ್ಲಾಕಿನದ್ದೇ ಆಗಬೇಕು, ನೋಡುವವರಿಗೆ ಮಾತ್ರ ಮುರಕಲ್ಲಿನದ್ದೆಂದು ಕಾಣಬೇಕು. ಅದಕ್ಕಾಗಿ ಆ ಕೆಂಪು ಕಲ್ಲನ್ನು ಬಿಸ್ಕತ್ತಿನಷ್ಟು ತೆಳ್ಳಗೆ ಮಿಷನ್ನಿನಲ್ಲಿ ಸೀಳಿ ಅಂಟಿಸುತ್ತಿದ್ದರು. ಕಾರ್ಕಳದ ನಮ್ಮ ಮೇಸ್ತ್ರಿಗಳು ಇದನ್ನು ನೋಡಿದ್ದರೆ ಏನೆಲ್ಲ ಅನ್ನುತ್ತಿದ್ದರೋ ಎಂದು ನೆನೆದು ಒಬ್ಬಳೇ ನಕ್ಕುಬಿಟ್ಟೆ. ಆಮೇಲೆ ನಗು ಬರಲಿಲ್ಲ…

ಮಣಿಪಾಲದಲ್ಲಿ ನಾನು ವಾಸ್ತುಶಿಲ್ಪಿಯೆಂದು ಬೋರ್ಡು ಹಾಕಿಕೊಂಡ ಹೊಸದರಲ್ಲಿ ಸಿಕ್ಕಿದವರು ಅವರು. ಕಾಲೇಜು ಹೇಳಿಕೊಡದೆ ಬಿಟ್ಟದ್ದನ್ನೆಲ್ಲ ಅವರು ಹೇಳಿಕೊಟ್ಟರು, ಅದೂ ಬೈದು. ನನ್ನ ನಕ್ಷೆಯನ್ನು ಬೇಕಂತಲೇ ತಲೆಕೆಳಗಾಗಿ ಹಿಡಿದು, "ಇದರಲ್ಲಿ ಮನೆ ಎಲ್ಲಿ ಉಂಟು ಮೇಡಂ?" ಎಂದು ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಸಂಜೆ ಆಫೀಸಿಗೆ ಹೋಗಿ ಅದೇ ನಕ್ಷೆಯನ್ನು ತಿದ್ದುತ್ತಿದ್ದೆ.

ಘಟ್ಟದ ಮೇಲಿನ ಟಿಬೆಟನ್ ಕ್ಯಾಂಪಿನಿಂದ ವಯಸ್ಸಾದ ಬೌದ್ಧ ಭಿಕ್ಷುಗಳು ಚಿಕಿತ್ಸೆಗೆಂದು ಮಣಿಪಾಲಕ್ಕೆ ಬಂದುಹೋಗುತ್ತಿದ್ದ ಕಾಲ. ತಿಂಗಳುಗಟ್ಟಲೆ ಲಾಡ್ಜಿನಲ್ಲಿ ಇರಬೇಕಾಗುತ್ತಿತ್ತು. ಯಾರೋ ಭಕ್ತರು ಕಾರ್ಕಳದ ದಾರಿಯಲ್ಲಿ ಒಂದಷ್ಟು ಜಾಗ ಕೊಟ್ಟಿದ್ದರು. ಅಲ್ಲಿ ಒಂಬತ್ತು ಮಂದಿ ಮುದಿ ಭಿಕ್ಷುಗಳು ಕೊನೆಯವರೆಗೂ ಇರುವಂಥ ಮನೆ ಕಟ್ಟಿಕೊಡಬೇಕೆಂದು ನನ್ನನ್ನು ಕೇಳಿದರು. ನಾನು ಹುಮ್ಮಸ್ಸಿನಿಂದ ಕೂತು ಬರೆದೆ. ಜಾರದ ಟೈಲ್ಸು, ಹಿಡಿದುಕೊಳ್ಳಲು ಗೋಡೆಗೆ ಸರಳು, ಮಂಚದ ಪಕ್ಕ ಕರೆಗಂಟೆ, ದೀರ್ಘದಂಡ ನಮಸ್ಕಾರ ಮಾಡಲು ಪ್ರತಿ ಕೋಣೆಯಲ್ಲೂ ಉದ್ದದ ಮರದ ಹಲಗೆ.

ನಕ್ಷೆ ನೋಡಲು ಅವರಲ್ಲಿ ಹಿರಿಯರೊಬ್ಬರು ಬಂದರು. ಸಂತೆಯಲ್ಲಿ ಕಲಿತ ಕನ್ನಡ, ಮುಖದ ತುಂಬ ನಗು. ಹಾಳೆಯ ಮೇಲೆ ಬೆರಳಾಡಿಸುತ್ತ ಎಲ್ಲ ಕೋಣೆಗಳನ್ನೂ ನೋಡಿ ಕೇಳಿದರು: "ಚೆನ್ನಾಗಿದೆ ತಾಯಿ. ಸಾಯೋ ಕೋಣೆ ಯಾವುದು?"

ನಾನು ನಕ್ಷೆಯಿಂದ ತಲೆಯೆತ್ತಿ ಅವರನ್ನೇ ನೋಡಿದೆ. ಅವರೇ ಬಿಡಿಸಿ ಹೇಳಿದರು. ಉಸಿರು ನಿಂತ ಮಾತ್ರಕ್ಕೆ ಮನಸ್ಸು ಹೊರಟುಹೋಗುವುದಿಲ್ಲ, ಅದಕ್ಕೆ ಸಮಯ ಬೇಕು. ಆಗುವುದಾದರೆ ಮೂರು ದಿನ ಆ ದೇಹವನ್ನು ಯಾರೂ ಮುಟ್ಟಬಾರದು, ಅಳಬಾರದು, ಅಲ್ಲಾಡಿಸಬಾರದು. ಅವರ ಜೊತೆ ಸಣ್ಣಂದಿನಿಂದ ಬೆಳೆದ ಇಬ್ಬರು ಊರು ಬಿಟ್ಟು ಬಂದಲ್ಲಿ, ಲಾಡ್ಜಿನಲ್ಲಿ ತೀರಿಕೊಂಡಿದ್ದರು. ಲಾಡ್ಜಿನವರು ಪಾಪ ಏನು ಮಾಡಿಯಾರು, ಗಂಟೆಯೊಳಗೆ ಕೋಣೆ ಖಾಲಿ ಮಾಡಿಸಿದ್ದರು. ಆ ಇಬ್ಬರ ಆರೈಕೆಗೆ ಇದ್ದವರು ಇವರೇ. ಅದನ್ನು ಹೇಳುವಾಗ ಮಾತ್ರ ಅವರು ನಗಲಿಲ್ಲ. "ಉಳಿದವರಿಗೆ ಹಾಗೆ ಆಗಬಾರದು" ಎಂದರು.

ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿಗಳು ಹೆಗಲ ಮೇಲಿನ ಬೈರಾಸು ಕೊಡವಿ ಎದ್ದೇಬಿಟ್ಟರು.

"ಇದು ನನ್ನಿಂದಾಗುವ ಕೆಲಸ ಅಲ್ಲ ಮೇಡಂ. ನಮ್ಮಲ್ಲಿ ಹೆಣ ಅಂಗಳ ದಾಟುವವರೆಗೆ ಆಚೀಚೆ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ. ಮೂರು ದಿನ ಇಡುವ ಮನೆಗೆ ನಾನು ಪಾಯ ಹಾಕಿದರೆ ನಾಳೆ ಯಾರಾದರೂ ಮನೆಯೊಕ್ಕಲಿಗೆ ಕರೆಯುತ್ತಾರಾ ನನ್ನನ್ನು?" ಆಮೇಲೆ ಭಿಕ್ಷುವಿನ ಕಡೆ ತಿರುಗಿ, "ಗುರುಗಳೇ, ಇದು ಕಾರ್ಕಳ. ಬೆಳಿಗ್ಗೆ ಮಾಡಿದ ಸಾಂಬಾರು ಸಂಜೆಗೆ ಹಳಸುವ ಊರು ಮಾರಾಯ್ರೆ!"

ಭಿಕ್ಷು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಮೇಸ್ತ್ರಿ, ನಿಮ್ಮ ತಾಯಿ ಇದ್ದಾರಾ?"

ಮೇಸ್ತ್ರಿಗಳು ಸೀದಾ ಸ್ಕೂಟರ್ ಹತ್ತಿ ಹೋದರು. ಆ ಭಿಕ್ಷು ಮತ್ತೆ ಒತ್ತಾಯಿಸಲೂ ಇಲ್ಲ. ನಾನು ಮಾತ್ರ ಬೇರೆ ಮೇಸ್ತ್ರಿಯನ್ನು ಹುಡುಕುವ ತಲೆಬಿಸಿಯಲ್ಲಿದ್ದೆ. ನಕ್ಷೆಯ ಮೂಲೆಯಲ್ಲಿ ಒಂದು ಕೋಣೆ ಸೇರಿಸಿ, ಅದಕ್ಕೊಂದು ಏಸಿ ಬರೆದು, ಸಮಸ್ಯೆ ಮುಗಿಯಿತೆಂದು ಬೀಗಿದ್ದೆ.

ನಾಲ್ಕನೆಯ ದಿನ ಮೇಸ್ತ್ರಿಗಳು ಆಫೀಸಿಗೆ ಬಂದರು. ಮುಖ ಊದಿಕೊಂಡೇ ಇತ್ತು. ನನ್ನ ಹೊಸ ನಕ್ಷೆ ನೋಡಿದರು.

"ಇದೆಂತ, ಏಸಿಯಾ? ಆಟಿ ತಿಂಗಳ ಮಳೆಯಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಮೂರು ದಿನ ಉಂಟು. ಆಗ ಗುರುಗಳ ಮನಸ್ಸನ್ನು ಬೇಗ ಹೊರಡು ಅನ್ನುತ್ತೀರಾ?"

ಆಮೇಲೆ ಜೇಬಿನಿಂದ ಸಿಮೆಂಟು ಚೀಲದ ಒಂದು ತುಂಡು ಕಾಗದ ತೆಗೆದು ಮೇಜಿನ ಮೇಲೆ ಹರಡಿದರು. ಪೆನ್ಸಿಲಿನಲ್ಲಿ ಬರೆದ ಒಂದು ಕೋಣೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಉಪ್ಪಿನಕಾಯಿ ಭರಣಿ ಇಡುತ್ತಿದ್ದ ಕೋಣೆಯ ಲೆಕ್ಕಾಚಾರವೇ ಅದು. ಮುರಕಲ್ಲಿನ ಎರಡು ಗೋಡೆ, ನಡುವೆ ಗೇಣು ಜಾಗ. ಮೇಲೆ ಮರದ ಮುಚ್ಚಿಗೆ, ಅದರ ಮೇಲೆ ಹೆಂಚು, ಎರಡರ ನಡುವೆ ಗಾಳಿಯಾಡಲು ಕಿಂಡಿ. ಬಿಸಿಲು ಬೀಳದ ಉತ್ತರಕ್ಕೆ ಬಾಗಿಲು. ನಲವತ್ತು ವರ್ಷದ ಕಸುಬಿನಲ್ಲಿ ಹೊಸ್ತಿಲಿಲ್ಲದೆ ಒಂದು ಬಾಗಿಲೂ ಇಡದ ಮನುಷ್ಯ ಇಲ್ಲಿ ಹೊಸ್ತಿಲನ್ನೇ ಕೈಬಿಟ್ಟಿದ್ದರು. ಯಾಕೆಂದು ಕೇಳಿದೆ.

"ಮಂಚ ಒಳಗೆ ತರುವಾಗ ಕುಲುಕಬಾರದಲ್ವಾ" ಎಂದರು.

ನಾನು ಆ ಕಾಗದವನ್ನೇ ನೋಡುತ್ತ ಕೂತಿದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: "ಅಮ್ಮ ಹೋದಾಗ ನಾನು ಮಲ್ಪೆಯಲ್ಲಿ ಐಸ್ ಪ್ಲಾಂಟಿನ ಕೆಲಸದಲ್ಲಿದ್ದೆ. ಸುದ್ದಿ ಮುಟ್ಟಿ, ಬಸ್ಸು ಸಿಕ್ಕಿ, ಮನೆಗೆ ಬರುವಾಗ ಕೊಂಡುಹೋಗಿ ಆಗಿತ್ತು. ಅಂಗಳಕ್ಕೆ ಸೆಗಣಿ ನೀರು ಸಹ ಹಾಕಿ ಆಗಿತ್ತು ಮೇಡಂ. ನಾನು ಅಣ್ಣನ ಹತ್ತಿರ ಕೇಳಿದೆ, ಎಂತ ಅರ್ಜೆಂಟಿತ್ತು ಅಂತ… ಅವನಾದರೂ ಎಂತ ಹೇಳುವುದು?"

ಅಷ್ಟು ಹೇಳಿ ಚಹಾ ಕುಡಿದು ಹೋದರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ಕೆಲಸದವರು ಆ ಕೋಣೆಗೆ ಕೈ ಹಾಕಲು ಹಿಂದೇಟು ಹಾಕಿದರು. ಆ ಎರಡೂ ಗೋಡೆಗಳನ್ನು ಮೇಸ್ತ್ರಿಗಳು ತಾವೇ ಕಟ್ಟಿದರು. ಅರವತ್ತು ದಾಟಿದ ಮನುಷ್ಯ ಲುಂಗಿ ಮೇಲೆ ಕಟ್ಟಿ, ಕಲ್ಲು ಕಲ್ಲಿಗೂ ತೂಕದ ಗುಂಡು ಬಿಟ್ಟು ನೋಡುತ್ತಿದ್ದದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡ ದೊಡ್ಡ ಕಂಪೆನಿಗಳ ದೊಡ್ಡ ದೊಡ್ಡ ಇಂಜಿನಿಯರುಗಳ ಜೊತೆ ಕೆಲಸ ಮಾಡಿದ್ದೇನೆ. ಅಂಥ ಇನ್ನೊಬ್ಬರನ್ನು ನಾನು ಕಾಣಲಿಲ್ಲ.

ಆರು ವರ್ಷದ ಮೇಲೆ, ಒಂದು ಜಡಿಮಳೆಯಲ್ಲಿ, ಆ ಹಿರಿಯ ಭಿಕ್ಷು ಅದೇ ಕೋಣೆಯಲ್ಲಿ ತೀರಿಕೊಂಡರು. ನಾನು ಹೋದಾಗ ಬಾಗಿಲು ಮುಚ್ಚಿತ್ತು. ಜಗಲಿಯ ಮೇಲೆ ಮೇಸ್ತ್ರಿಗಳು ಕೂತಿದ್ದರು. ಒಲ್ಲೆನೆಂದು ಸ್ಕೂಟರ್ ಹತ್ತಿ ಹೋದವರು! ಪಕ್ಕದ ಜಾಗದಲ್ಲಿ ಕಲ್ಲು ಕೊಯ್ಯುವ ಮಿಷನ್ನು ನಡೆಯುತ್ತಿತ್ತಂತೆ. ಇವರು ಹೋಗಿ ಕೈ ಮುಗಿದು ಮೂರು ದಿನ ನಿಲ್ಲಿಸಿಬಂದಿದ್ದರು. ಅಷ್ಟೂ ದಿನ ಬೆಳಿಗ್ಗೆ ಬಂದು ಕೂತು ಸಂಜೆ ಹೋದರು. ಕರೆಂಟು ಎರಡು ದಿನ ಇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಭಿಕ್ಷುಗಳು ಬಾಗಿಲು ತೆರೆದರು. ಒಳಗೆ ಆ ಹಿರಿಯರು ಕೂತ ಭಂಗಿಯಲ್ಲೇ ಇದ್ದರು, ನಿದ್ದೆ ಬಂದವರ ಹಾಗೆ. ಕೋಣೆ ತಣ್ಣಗಿತ್ತು, ವಾಸನೆ ಏನೂ ಇರಲಿಲ್ಲ. ಮೇಸ್ತ್ರಿಗಳು ಗೋಡೆಯ ಮೇಲೆ ಅಂಗೈ ಇಟ್ಟು, "ತಡೆಯಿತು ಮೇಡಂ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೂ ತಡೆಯಲಾಗಲಿಲ್ಲ.

ಹೋದ ವರ್ಷ ಕಾಪುವಿನಲ್ಲಿ ಒಂದು ಮನೆಯ ತಾರಸಿಯ ಮೇಲೆ ನಿಂತಿದ್ದಾಗ ಫೋನು ಬಂತು. ಮೇಸ್ತ್ರಿಗಳು ಬೆಳಿಗ್ಗೆ ಎದ್ದೇಳಲಿಲ್ಲವಂತೆ… ಇಳಿದು ಬಂದ ಹಾಗೆಯೇ ಕಾರು ಹತ್ತಿದೆ. ಕಾರ್ಕಳ ತಲುಪಿ, ಅವರ ಮನೆಯ ಓಣಿಗೆ ತಿರುಗಿದಾಗ ಅಂಗಳ ಒದ್ದೆಯಾಗಿತ್ತು. ಹೆಂಗಸರು ಕೊಡಗಟ್ಟಲೆ ನೀರು ಹೊಯ್ದು ಗುಡಿಸುತ್ತಿದ್ದರು. ಮಗ ಇನ್ನೂ ಒದ್ದೆ ಬಟ್ಟೆಯಲ್ಲೇ ಇದ್ದ.

"ಮಳೆ ಬರುವ ಹಾಗಿತ್ತು ಮೇಡಂ, ಬೇಗ ಮುಗಿಸಿದೆವು" ಎಂದ.

ಮೇಸ್ತ್ರಿಗಳು ಅಂದು ಅಣ್ಣನ ಹತ್ತಿರ ಕೇಳಿದ್ದ ಆ ಮಾತು ನನ್ನ ನಾಲಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಅಪ್ಪನನ್ನು ಕಳೆದುಕೊಂಡವನ ಹತ್ತಿರ ಹೇಗೆ ಕೇಳುವುದು?

ಬರುವ ದಾರಿಯಲ್ಲಿ ಭಿಕ್ಷುಗಳ ಮನೆಯಲ್ಲಿ ಕಾರು ನಿಲ್ಲಿಸಿದೆ. ಸುದ್ದಿ ಅಲ್ಲಿಗೂ ತಲುಪಿತ್ತು. ಆ ಕೋಣೆಯ ಬಾಗಿಲು ಮುಚ್ಚಿದ್ದರು. ಒಳಗೆ ಯಾರೂ ಇರಲಿಲ್ಲ, ಖಾಲಿ ಮಂಚ ಮಾತ್ರ. ಮೂರು ದಿನ ತೆರೆಯುವುದಿಲ್ಲ, ಇಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದೂ ಇಲ್ಲ ಎಂದು ಒಬ್ಬ ಮುದಿ ಭಿಕ್ಷು ಪಿಸುಗುಟ್ಟಿದರು. ಮೇಸ್ತ್ರಿಗಳು ಕೂರುತ್ತಿದ್ದ ಜಗಲಿಯಲ್ಲಿ ಸಂಜೆಯವರೆಗೆ ಕೂತಿದ್ದು ಎದ್ದು ಬಂದೆ.

ಕಳೆದ ವಾರ ಶಿರ್ವದಲ್ಲಿ ಆ ವಾಸನೆಯ ನಡುವೆ ನಿಂತಿದ್ದಾಗ ಇಷ್ಟೂ ಒಟ್ಟಿಗೇ ಬಂದು ಎದೆ ತುಂಬಿತು. ಮಿಷನ್ನು ಕರ್ಕಶವಾಗಿ ಕೂಗುತ್ತಿತ್ತು. ಸ್ವಲ್ಪ ನಿಲ್ಲಿಸಿ ಎಂದು ಕೈ ಮಾಡಿದೆ.

"ಇವತ್ತು ಈ ಗೋಡೆ ಮುಗಿಸಬೇಕು ಮೇಡಂ" ಎಂದ ಕೆಲಸದವನು.

"ಎಂತ ಅರ್ಜೆಂಟುಂಟು?" ಎಂದುಬಿಟ್ಟೆ, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಅವನು ಗಾಬರಿಯಾಗಿ ಮಿಷನ್ನು ಆಫ್ ಮಾಡಿದ. ಪಾಪ, ಆ ಪ್ರಶ್ನೆ ಅವನಿಗೆ ಕೇಳಿದ್ದಾಗಿರಲಿಲ್ಲ.