ಆರು ಕಾಳು ತಿರ್ಫಲ

ಬಂಗುಡೆ ಸಾರು ಮಾಡುವುದನ್ನು ಆಯಿ ಫೋನಿನಲ್ಲಿ ಹೇಳಿಕೊಟ್ಟಿದ್ದಳು. ಕಾರವಾರದ ಕಡೆ ಮೀನಿನ ಸಾರಿಗೆ ಜಜ್ಜಿ ಹಾಕುವ ಘಮದ ಕಾಳು ತಿರ್ಫಲ. ನನ್ನ ನೆನಪಿನಲ್ಲಿ ಅವಳು ಹೇಳಿದ್ದು ತ್ರಿಫಲ.

ಆಗ ಸೂರತ್ತಿನ ಅಡಾಜಣ್‌ನಲ್ಲಿ ಒಬ್ಬನೇ ಬಾಡಿಗೆಗಿದ್ದೆ. ತ್ರಿಫಲ ಕೇಳಿದರೆ ಅಂಗಡಿಯವನು ಹೊಟ್ಟೆ ಸಾಫಾಗುವ ಚೂರ್ಣ ಕೊಟ್ಟ. ಬಂಗುಡೆ ಸಾರಿಗೆ ಎರಡು ಚಮಚ ಹಾಕಿದೆ. ಕಹಿಯಾಗಿ ಅಷ್ಟನ್ನೂ ಚೆಲ್ಲಬೇಕಾಯಿತು.

ಆಮೇಲೆ ಊರಿಗೆ ಹೋದಾಗಲೆಲ್ಲ, ಮಗನಿಗೆ ಭೇದಿ ಔಷಧ ಹೇಳಿಕೊಟ್ಟವಳು ಎಂದು ಎಲ್ಲರೆದುರು ಅವಳನ್ನು ಛೇಡಿಸುತ್ತಿದ್ದೆ.

"ನಾನೇ ತಪ್ಪಿ ಹೇಳಿದ್ನೇನೋ. ಪಾಪ, ಅವತ್ತು ಉಪಾಸ ಬಿದ್ದೆ ನೀನು," ಎನ್ನುತ್ತಿದ್ದಳು. ಕೊನೆಯ ಕಾಯಿಲೆಯಲ್ಲೂ ಹಾಗೆಯೇ ಅಂದಳು.

ಅವಳು ಹೋದ ಮೇಲೆ, ಅವತ್ತು ಫೋನಿನಲ್ಲಿ ಕೇಳುತ್ತ ಬರೆದುಕೊಂಡು, ಮತ್ತೆ ತೆರೆದೇ ಇರದ ನೋಟ್‌ಬುಕ್ ಹುಡುಕಿ ನೋಡಿದೆ. ನನ್ನದೇ ಅಕ್ಷರದಲ್ಲಿತ್ತು: "ತಿರ್ಫಲ, ಆರು ಕಾಳು, ಜಜ್ಜಿ."