ಮೂರು ಸಲ ನೋಡಿದ ಗುಂಡಿ

ಅವರ ಬಲಗೈ ಹೆಬ್ಬೆರಳಿನ ಉಗುರೊಂದೇ ಉದ್ದವಾಗಿತ್ತು. ಹಳೆಯ ಕೋಟಿನ ಗುಂಡಿ ಸಿಕ್ಕಿದರೆ ಸಾಕು, ಮೊದಲು ಅದರ ಬೆನ್ನಿನ ಕೊಂಡಿಯ ಸುತ್ತ ಆ ಉಗುರು ಆಡಿಸಿ ಕೊಳೆ ತೆಗೆಯುತ್ತಿದ್ದರು. ಶಿರಾಳಕೊಪ್ಪದ ಈ ದರ್ಜಿ ಯುದ್ಧದ ಕಾಲದಲ್ಲಿ ಪಲ್ಟನ್ನಿನ ಬಟ್ಟೆ ಹೊಲಿದು ಬಂದವರು. ಸಂತೆಗೆ ಬರುವ ಮಿಲಿಟರಿ ಕೋಟುಗಳ ಗುಂಡಿ ಬಿಚ್ಚಿ, ಖಾಕಿ ಬಟ್ಟೆಯೊಂದರ ಮೇಲೆ ಕಾಲದ ಪ್ರಕಾರ ಸಾಲಾಗಿ ಹೊಲಿದಿಟ್ಟಿದ್ದರು. ಬ್ರಿಟಿಷ್ ರಾಣಿಯ ಕಾಲದ ಗುಂಡಿಯ ಮೇಲಿನ ಕಿರೀಟಕ್ಕೆ ನೆತ್ತಿಯ ನಡುವೆ ತಗ್ಗು. ಆಮೇಲಿನ ರಾಜರದ್ದು ಗುಂಡಗೆ. ಗಣರಾಜ್ಯವಾದ ಮೇಲೆ ಕಿರೀಟ ಹೋಗಿ ಸಿಂಹಗಳು. ನನ್ನ ರವಿಕೆ ಕೇಳಲು ಹೋದಾಗಲೆಲ್ಲ ಇದೇ ಪಾಠ. ರವಿಕೆ ಮಾತ್ರ "ನಾಳೆ ಬರ್ರೀ ಟೀಚರ್". ನಾನು ಸೊರಬದಿಂದ ಬಸ್ಸು ಹತ್ತಿ ಬರಬೇಕು. ಎಷ್ಟು ಸಲ ರೇಗಿದ್ದೇನೋ.

ಐವತ್ತರ ದಶಕದ ಕೊನೆಯ ಮಾತು. ನನ್ನ ಅಕ್ಕನನ್ನು ಹೊಸಬಾಳೆಗೆ ಕೊಟ್ಟಿತ್ತು. ಯುದ್ಧಕ್ಕೆ ಹೋದ ಭಾವ ಮರಳಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಅಕ್ಕ ಕುಂಕುಮ ಇಟ್ಟುಕೊಂಡೇ ಕಾಯುತ್ತಿದ್ದಳು. ಒಂದು ದಿನ ಅಪರಿಚಿತನೊಬ್ಬ ಬಂದು, ಭಾವ ಉತ್ತರದ ಯಾವುದೋ ದಂಡಿನಲ್ಲಿ ಇನ್ನೂ ನೌಕರಿಯಲ್ಲಿದ್ದಾರೆ, ಹೋದ ವರ್ಷ ಕೊಟ್ಟ ಹೊಸ ಕೋಟಿನ ಗುಂಡಿ ಕಿತ್ತು ಗುರುತಿಗೆ ಕಳಿಸಿದ್ದಾರೆ ಎಂದ. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಾನಂತೆ, ಅಕ್ಕ ಇದ್ದಬದ್ದ ಬಂಗಾರ ತೊಟ್ಟುಕೊಂಡು ಅವನ ಜೊತೆ ಹೊರಡಬೇಕಂತೆ. ಬಂಗಾರದ ಮಾತು ಕೇಳಿ ನನಗೆ ಅನುಮಾನ ಬಂತು. ಅಕ್ಕ ಆಗಲೇ ಟ್ರಂಕು ತುಂಬಿದ್ದಳು.

ದರ್ಜಿಗೊಮ್ಮೆ ತೋರಿಸಿ ಹೋಗು ಎಂದು ಅವಳನ್ನು ಒಪ್ಪಿಸಿದೆ. ಅವಳನ್ನು ಕರೆದೊಯ್ಯುವ ಹಿಂದಿನ ದಿನವೇ ನಾನೊಬ್ಬಳು ಅಂಗಡಿಗೆ ಹೋಗಿ, ಗುಂಡಿ ಹೇಗೇ ಇರಲಿ, ಹಳೆಯದೆಂದೇ ಹೇಳಿ ಎಂದು ಬೇಡಿಕೊಂಡೆ. ಅವರು ಮಿಷಿನ್ ನಿಲ್ಲಿಸಿದರು. "ಹೊಸದಿದ್ರೆ ಹೊಸದು ಅಂತೀನ್ರೀ" ಎಂದಷ್ಟೇ ಹೇಳಿ ಮತ್ತೆ ತುಳಿಯತೊಡಗಿದರು. ಸಿಟ್ಟಿನಿಂದ ಎದ್ದು ಬಂದೆ.

ಮಾರನೆಯ ದಿನ ಅಕ್ಕ ಸೆರಗಿನ ಗಂಟು ಬಿಚ್ಚಿದಾಗ ಗುಂಡಿ ಫಳಫಳ ಹೊಳೆಯುತ್ತಿತ್ತು. ದೇವರ ಮುಂದೆ ಇಟ್ಟಿದ್ದಲ್ಲವೇ, ಪೂಜೆಯ ಪಾತ್ರೆಗಳ ಜೊತೆ ದಿನವೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಳು. ಮೊದಲೇ ಸವೆದಿದ್ದ ಮೇಲಿನ ಚಿತ್ರ ಕಣ್ಣಿಗೆ ಕಾಣದಂತಾಗಿತ್ತು.

ದರ್ಜಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಗುಂಡಿಯ ಮೇಲೆ ಹಾಸಿ ಹೆಬ್ಬೆರಳಿನಿಂದ ಒತ್ತಿ, ಬೆಳಕಿಗೆ ಹಿಡಿದರು. ಇನ್ನೊಂದು ಚೂರು ತೆಗೆದು ಮತ್ತೆ ಒತ್ತಿದರು. ಮತ್ತೂ ಒಮ್ಮೆ. ಕಾಗದದಲ್ಲಿ ಗುಂಡಗಿನ ಕಿರೀಟ ಮಸುಕಾಗಿ ಮೂಡಿತ್ತು.

"ರಾಜನ ಕಾಲದ್ದು ತಾಯಿ. ಹೋದ ವರ್ಷದ ಕೋಟಿಗೆ ಇದು ಬರೂದಿಲ್ಲ."

ಅಕ್ಕ ನನ್ನ ಮುಖ ನೋಡಿ, ಅವರನ್ನು ಕೇಳಿದಳು: "ಇವ್ಳು ಮೊದ್ಲೇ ಬಂದು ಹೇಳಿಕೊಟ್ಟಿದಾಳೇನು?"

ಭೂಮಿ ಬಾಯಿ ಬಿಡಬಾರದೇ ಅನಿಸಿತು ನನಗೆ.

"ಬಂದಿದ್ರು. ಹಳೇದು ಅಂತ ಹೇಳ್ರೀ ಅಂದ್ರು. ಅದಕ್ಕೇ ಮೂರು ಸಲ ನೋಡಿದೆ" ಎಂದರು ದರ್ಜಿ. ಗುಂಡಿಯನ್ನು ಅಕ್ಕನ ಕೈಗಿಟ್ಟು, "ನಿಮ್ಮನೆಯವರು ಇದಾರೋ ಇಲ್ಲೋ, ಅದು ಇದ್ರಾಗೆ ಗೊತ್ತಾಗಂಗಿಲ್ಲ. ತಂದೋನು ಸುಳ್ಳ. ಅಷ್ಟೇ ಹೇಳಬಲ್ಲೆ" ಎಂದರು.

ಅಕ್ಕ ಹೊರಡಲಿಲ್ಲ. ಕಿರೀಟದ ಮಾತು ಎತ್ತಿದ ಕೂಡಲೇ ಆ ಮನುಷ್ಯ ಕಂಬಿ ಕಿತ್ತ. ಅಕ್ಕ ಕುಂಕುಮವನ್ನೂ ಅಳಿಸಲಿಲ್ಲ. ಅದರ ಬಗ್ಗೆ ಯಾರೂ ಅವಳನ್ನು ಕೇಳುವಂತಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ದರ್ಜಿ ತೀರಿಕೊಂಡ ಸುದ್ದಿ ಬಂದಾಗ ಇಬ್ಬರೂ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಅಕ್ಕ, "ಅವತ್ತು ಅವ್ರು ನೀ ಬಂದೇ ಇಲ್ಲ ಅಂದಿದ್ರೆ ನಾ ಹೋಗೇಬಿಡ್ತಿದ್ದೆ. ಅದು ಸುಳ್ಳು ಅಂತ ನಿನ್ನ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಗುಂಡಿ ಮಾತೂ ನಂಬ್ತಿರ್ಲಿಲ್ಲ" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅಕ್ಕ ನನಗೆ ಉಳಿದದ್ದು ದರ್ಜಿ ನನ್ನ ಮಾತು ನಡೆಸಿಕೊಡದೆ ಇದ್ದದ್ದರಿಂದ.