ದಿಕ್ಕು ತಿಳಿಯದ ಗೋರಿ

ಮನುಷ್ಯ ಯಾವ ಮಣ್ಣಿನಲ್ಲಿ ಹುಟ್ಟಬೇಕೆಂಬುದು ಅವನ ಕೈಯಲ್ಲಿಲ್ಲ, ಯಾವ ಮಣ್ಣಿಗೆ ಸೇರಬೇಕೆಂಬುದೂ ಅವನ ಕೈಯಲ್ಲಿಲ್ಲ. ಬಲ್ಲವರು ಇದನ್ನು ಬಹಳ ನಿಧಾನವಾಗಿ, ಕಣ್ಣು ಅರ್ಧ ಮುಚ್ಚಿಕೊಂಡು ಹೇಳುತ್ತಾರೆ. ನಮ್ಮ ಮನೆಯವರಿಗೆ ಈ ಬಗ್ಗೆ ಏನೂ ತಕರಾರಿರಲಿಲ್ಲ. ಅವರ ತಕರಾರೆಲ್ಲ, ಸೇರಿದ ಮಣ್ಣಿನಲ್ಲಿ ತಲೆ ಯಾವ ಕಡೆಗಿದೆ ಎಂಬುದರ ಮೇಲೆ.

ತಲೆ ನನ್ನ ದೊಡ್ಡಪ್ಪನ ಮಗನದು. ನನಗಿಂತ ಎರಡು ಮಳೆಗಾಲ ದೊಡ್ಡವನು. ದೊಡ್ಡ ಯುದ್ಧದ ಕಾಲದಲ್ಲಿ ಅವನು ಪಟ್ಟಾಳ ಸೇರಿದ, ಅವನ ಹಿಂದೆ ನಾನೂ ಸೇರಿದೆ. ನಮ್ಮೂರು ಕರಿಕೆಯಲ್ಲಿ ಮನೆಯಿಂದ ಮನೆಗೆ ಹೋಗಲು ಅರ್ಧ ಹಗಲು ಬೇಕಾಗಿದ್ದ ನಮ್ಮನ್ನು ಸರ್ಕಾರ ಹಡಗು ಹತ್ತಿಸಿ ಬಸ್ರಾಕ್ಕೆ ಒಯ್ದು ಹೇಸರಗತ್ತೆಗಳ ವಶಕ್ಕೆ ಒಪ್ಪಿಸಿತು. ಅವನು ಅವುಗಳನ್ನು ನಡೆಸುತ್ತಿದ್ದ. ನಾನು ಅವುಗಳ ಮೇವಿನ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಶತ್ರುವನ್ನು ನಾವಿಬ್ಬರೂ ನೋಡಲಿಲ್ಲ. ಒಂದು ಬೇಸಿಗೆಯಲ್ಲಿ ಅಣ್ಣ ರಕ್ತಭೇದಿಯಿಂದ ಸತ್ತ. ಅವನು ಚಕ್ರವರ್ತಿಗಾಗಿ ಪ್ರಾಣ ಕೊಟ್ಟನೆಂದು ಮನೆಗೆ ಕಾಗದ ಬಂತು. ಭೇದಿಯಿಂದ ಚಕ್ರವರ್ತಿಗೆ ಆದ ಲಾಭವೇನೆಂದು ಅದರಲ್ಲಿ ಬರೆದಿರಲಿಲ್ಲ.

ಸುಡಲು ಆ ಊರಿನಲ್ಲಿ ಸೌದೆ ಇರಲಿಲ್ಲ, ಇದ್ದದ್ದು ರೊಟ್ಟಿ ಸುಡುವುದಕ್ಕೇ ಸಾಲದು. ಹಾಗಾಗಿ, ಬೆಂಕಿ ಹಾಕಲು ಕಾಡು ಮುಗಿಯದ ಸೀಮೆಯಲ್ಲಿ ಹುಟ್ಟಿದವನನ್ನು ಸೌದೆಯಿಲ್ಲವೆಂಬ ಕಾರಣಕ್ಕೆ ಹೂತೆವು. ಅಂದು ಧೂಳಿನ ಬಿರುಗಾಳಿ. ಸೂರ್ಯ ಎಲ್ಲಿದ್ದಾನೆಂದು ಸೂರ್ಯನಿಗೇ ತಿಳಿದಿರಲಾರದು. ಹೊತ್ತವರು ನಾಲ್ವರು, ಅವರಲ್ಲಿ ಅಣ್ಣನ ಹೆಸರು ಗೊತ್ತಿದ್ದವನು ನಾನೊಬ್ಬನೇ. ಜೊತೆಗಿದ್ದ ಹವಾಲ್ದಾರ ತನ್ನ ಭಾಷೆಯಲ್ಲಿ ಏನೋ ಹೇಳಿದ. ಅದು ಮಂತ್ರವೋ, ಬೇಗ ಮುಗಿಸಿ ಎಂಬ ಆಜ್ಞೆಯೋ ನನಗೆ ತಿಳಿಯಲಿಲ್ಲ. ಬೇಗ ಮುಗಿಯಿತು.

ಆಮೇಲೆ ಆ ದೇಶದಲ್ಲಿ ನನ್ನ ಮಾತು ತಿಳಿಯುವ ಪ್ರಾಣಿ ಉಳಿಯಲಿಲ್ಲ. ಸಂಜೆ ಹೇಸರಗತ್ತೆಗಳ ಜೊತೆ ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಮಾತಾಡುತ್ತಿದ್ದೆ. ಅವು ಕಿವಿ ನಿಮಿರಿಸಿ ಕೇಳುತ್ತಿದ್ದವು. ಒಪ್ಪಿದ ಲಕ್ಷಣ ಕಾಣಲಿಲ್ಲ.

ಯುದ್ಧ ಮುಗಿದು ನಾನು ಊರಿಗೆ ಬಂದ ದಿನ ದೊಡ್ಡವ್ವ ಅಳಲಿಲ್ಲ. ಅಳುವುದನ್ನು ಕಾಗದ ಬಂದಾಗಲೇ ಮುಗಿಸಿದ್ದಳು. ಕಾಲಿಗೆ ನೀರು ಕೊಟ್ಟು, ಉಣ್ಣಲು ಕೂರಿಸಿ, ಎದುರಿಗೆ ಕೂತು ಕೇಳಿದಳು.

“ಸುಡ್ಲಿಲ್ಲೆನಾ?”

“ಇಲ್ಲೆ ದೊಡ್ಡವ್ವ. ಅಲ್ಲಿ ಸೌದೆ ಸಿಕ್ಕುಲೆ.”

“ಸೌದೆ ಇಲ್ಲದ ಊರೂ ಉಟ್ಟಾ?” ಎಂದಳು. ನಾನು ಆ ಊರಿನ ಪರವಾಗಿ ತಲೆ ತಗ್ಗಿಸಿದೆ.

“ಹೂತದ್ದಾದ್ರೆ ತಲೆ ಎತ್ತ ಇತ್ತ್?”

ಇಲ್ಲಿ ನಮ್ಮೂರಿನ ಭೂಗೋಳವನ್ನು ಸ್ವಲ್ಪ ಹೇಳಬೇಕು. ಕರಿಕೆಯಲ್ಲಿ ಪೂರ್ವವೆಂದರೆ ಘಟ್ಟದ ಮೇಲೆ, ಪಶ್ಚಿಮವೆಂದರೆ ಘಟ್ಟದ ಕೆಳಗೆ. ಉತ್ತರ ದಕ್ಷಿಣಗಳಿಗೂ ಒಂದೊಂದು ಗುಡ್ಡೆ ಇದೆ. ಸೂರ್ಯನನ್ನು ನಾವು ಅಷ್ಟಾಗಿ ನಂಬಿದವರಲ್ಲ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅವನ ಪತ್ತೆ ಇರುವುದಿಲ್ಲ. ಇಂಥ ವಿದ್ಯಾಭ್ಯಾಸ ಪಡೆದವನನ್ನು ತಟ್ಟೆಯಂಥ ಮರಳಿನ ಮೇಲೆ ನಿಲ್ಲಿಸಿದರೆ ಅವನಿಗೆ ದಿಕ್ಕು ಎಂಬುದೇ ಇರುವುದಿಲ್ಲ. ಮೂರು ವರ್ಷ ನನಗೆ ಇರಲಿಲ್ಲ.

“ಗುಡ್ಡೆ ಎತ್ತ ಇತ್ತ್, ಅದ್ನಾದ್ರೂ ಹೇಳ್” ಎಂದಳು.

“ಗುಡ್ಡೆನೇ ಇಲ್ಲೆ ದೊಡ್ಡವ್ವ.”

ಅವಳು ನನ್ನ ಎಲೆಗೆ ಇನ್ನಷ್ಟು ಸಾರು ಹಾಕಿ ಎದ್ದು ಹೋದಳು. ಸುಳ್ಳು ಹೇಳುವವನಿಗೂ ಅವಳು ಊಟ ಕಡಿಮೆ ಮಾಡಿದವಳಲ್ಲ.

ಈ ಪ್ರಶ್ನೆ ಇಷ್ಟು ದೊಡ್ಡದಾಗಲು ಕಾರಣ ಸಣ್ಣಜ್ಜ. ಅವನು ನನ್ನ ಅಜ್ಜನ ತಮ್ಮ, ಮನೆಯ ಯಜಮಾನ. ವರ್ಷಕ್ಕೊಮ್ಮೆ ನಾವು ತೀರಿಹೋದ ಹಿರಿಯರಿಗೆ, ಅಂದರೆ ಕಾರಣರಿಗೆ, ಎಲೆ ಹಾಕಿ ಬಡಿಸುತ್ತೇವೆ. ರೊಟ್ಟಿ, ಕೋಳಿ ಸಾರು, ಹಂದಿ ಮಾಂಸ, ಒಂದು ಕುಪ್ಪಿ ಸಾರಾಯಿ. ಸತ್ತವನನ್ನು ಸರಿಯಾಗಿ ಕಳಿಸಿಕೊಟ್ಟಿದ್ದರೆ ಮಾತ್ರ ಅವನಿಗೆ ಆ ಸಾಲಿನಲ್ಲಿ ಎಲೆ. ಅಣ್ಣನಿಗೆ ಎಲೆ ಹಾಕುವವರೆಗೆ ಅವನ ತಂಗಿಯ ಮದುವೆಯ ಮಾತೆತ್ತುವಂತಿಲ್ಲ. ಗಂಡಿನ ಕಡೆಯವರು ಭಾಗಮಂಡಲದ ಹತ್ತಿರದವರು, ಆಗಲೇ ಒಂದು ವರ್ಷ ಕಾದಿದ್ದರು.

“ಸುಟ್ಟದ್ದಾದ್ರೆ ಚಿಂತೆ ಇಲ್ಲೆ, ಹೊಗೆಗೆ ದಿಕ್ಕಿಲ್ಲೆ” ಎಂದು ಸಣ್ಣಜ್ಜ ತೀರ್ಪು ಕೊಟ್ಟ. “ಹೂತದ್ದಕ್ಕೆ ದಿಕ್ಕ್ ಬೇಕು. ತಲೆ ದಕ್ಷಿಣಕ್ಕೆ ಇದ್ದರೆ ಎಲೆ ಹಾಕುವ. ಇಲ್ಲದಿದ್ದರೆ ಬಾಳೆದಿಂಡನ್ನ ಹೈದ ಅಂತ ತಿಳ್ಕಂಡು ಇನ್ನೊಮ್ಮೆ ಹೂಳುವ.”

“ಹಾಗಾದ್ರೆ ಇನ್ನೊಮ್ಮೆ ಹೂಳುವ ಸಣ್ಣಜ್ಜ, ಮುಗ್ದ್ ಹೋಗ್ಲಿ” ಎಂದೆ.

“ಸರಿಯಾಗಿ ಹೂತವನ್ನ ಇನ್ನೊಮ್ಮೆ ಹೂತರೆ ಮನೆಲಿ ಇನ್ನೊಂದ್ ಹೆಣ ಬೀಳ್ತದೆ. ನೀ ತಯಾರಾ?”

ಈ ನಿಯಮ ಯಾವ ಗ್ರಂಥದಲ್ಲಿತ್ತೋ ನನಗೆ ತಿಳಿಯದು. ಸಣ್ಣಜ್ಜನ ತಲೆಯಲ್ಲಿತ್ತು, ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ನಾನು ಪಾಲಿಬೆಟ್ಟದ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಸೇರಿದೆ. ಅಲ್ಲಿಂದ ಗೋರಿಗಳ ವಿಚಾರ ನೋಡುವ ಕಚೇರಿಗೆ ಇಂಗ್ಲಿಷಿನಲ್ಲಿ ಬರೆದು ಕೇಳಿದೆ. ಬಹಳ ಮರ್ಯಾದೆಯ ಉತ್ತರ ಬಂತು. ಸಾಲು ಯಾವುದು, ಸಾಲಿನಲ್ಲಿ ಎಷ್ಟನೆಯದು, ಎಲ್ಲವೂ ಇತ್ತು. ದಿಕ್ಕು ಇರಲಿಲ್ಲ. ಮತ್ತೆ ಬರೆದೆ. ಸಾಲು ಯಾವುದು, ಎಷ್ಟನೆಯದು ಎಂದು ಮತ್ತೆ ತಿಳಿಸಿದರು.

ಬಸ್ರಾದ ಆ ಮಸಣದ ಚರಿತ್ರೆಯನ್ನು ಈ ಸೀಮೆಯಲ್ಲಿ ಬಲ್ಲವನು ನಾನೊಬ್ಬನೇ ಆದ್ದರಿಂದ ಮಗನನ್ನೋ ತಮ್ಮನನ್ನೋ ಅಲ್ಲಿ ಕಳೆದುಕೊಂಡವರು ಹುಡುಕಿಕೊಂಡು ಬರುತ್ತಿದ್ದರು. ಶನಿವಾರಸಂತೆಯ ಕಡೆಯಿಂದ ಒಬ್ಬ ಮುದುಕ ನಡೆದೇ ಬಂದಿದ್ದ. ನಾನು ಹೇಳುತ್ತಿದ್ದೆ. ಮೊದಲು ಆಸ್ಪತ್ರೆಯ ಹಿಂದೆ, ಖರ್ಜೂರದ ತೋಟದ ಅಂಚಿನಲ್ಲಿ ಹೂತರು. ಹೊಳೆ ಉಕ್ಕಿ ಅಲ್ಲಿಗೆ ನೀರು ಬಂದಾಗ ಎತ್ತರದ ಜಾಗ ಹುಡುಕಿದರು. ಎತ್ತರವೆಂದರೆ ನಮ್ಮ ಗದ್ದೆಯ ಬದುವಿನಷ್ಟು. ನರಿಗಳ ಕಾಟಕ್ಕೆ ಮುಳ್ಳುತಂತಿ ಬಂತು. ಗೂಟಕ್ಕೆ ತಗಡು ಹೊಡೆದು ಹೆಸರು ಬರೆದರು. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಬಿಸಿಲು ಹೆಸರು ತಿಂದಿತು. ಸರ್ಕಾರಕ್ಕೆ ಸತ್ತವರ ಮೇಲೆ ಅಕ್ಕರೆ ಹುಟ್ಟಿದ್ದು ಯುದ್ಧ ಮುಗಿದು ಬಿಡುವಾದ ಮೇಲೆ. ಆಗ ಗೋಡೆ ಕಟ್ಟಿದರು, ಸಾಲು ನೇರ ಮಾಡಿದರು. ಕೇಳಿದವರು ತಲೆಯಾಡಿಸಿ ಕಾಫಿ ಕುಡಿದು ಹೋಗುತ್ತಿದ್ದರು. ಬದುಕಿ ಬಂದವನಿಗೆ ಇರುವ ಉದ್ಯೋಗ ಇದೊಂದೇ ಎಂದು ಅವರೆಲ್ಲ ಸೇರಿ ತೀರ್ಮಾನಿಸಿದ ಹಾಗಿತ್ತು. ನೀನು ಅಲ್ಲಿ ಹೇಗಿದ್ದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ನನ್ನಲ್ಲೂ ಹೆಚ್ಚೇನಿರಲಿಲ್ಲ. ಸಂಜೆ ಆಳುಗಳು ತಮ್ಮ ಸಾಲುಮನೆಗಳ ಲೈನ್‌ಗಳಿಗೆ ಹೋದ ಮೇಲೆ ಕ್ವಾರ್ಟರ್ಸಿನ ಜಗಲಿಯಲ್ಲಿ ಕೂತು, ಎದುರಿನ ಗುಡ್ಡೆ ಯಾವ ದಿಕ್ಕೆಂದು ನೋಡಿಕೊಂಡು, ಒಳಗೆ ಹೋಗಿ ಮಲಗುತ್ತಿದ್ದೆ.

ಎರಡನೆಯ ವರ್ಷ, ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಶುರುವಾಗುವ ಮೊದಲು ರಜೆ ಹಾಕಿ ಊರಿಗೆ ಹೋದೆ. ನನಗೊಂದು ಯೋಚನೆ ಬಂದಿತ್ತು. ಮಡಿಕೇರಿಯಲ್ಲಿ ಬಿಳಿ ಸೋಲ್ಜರುಗಳ ಹಳೆಯ ಮಸಣವೊಂದಿದೆ. ರಾಜನನ್ನು ಇಳಿಸಿ ಕಂಪನಿ ಸರ್ಕಾರ ಬಂದ ಹೊಸದರಲ್ಲಿ ಕೋಟೆಯಲ್ಲಿದ್ದ ಪಟ್ಟಾಳದವರದು. ಅದೇ ಸರ್ಕಾರ, ಅದೇ ಪಟ್ಟಾಳ. ಅವರು ಇಲ್ಲಿ ತಲೆ ಯಾವ ಕಡೆ ಇಟ್ಟಿದ್ದಾರೋ ಬಸ್ರಾದಲ್ಲೂ ಅದೇ ಕಡೆ ಇಟ್ಟಿರಬೇಕು. ಯೋಚನೆ ನನಗೆ ಬಹಳ ಹಿಡಿಸಿತು. ದೊಡ್ಡವ್ವನಿಗೂ ಹಿಡಿಸಿತು.

“ನಾನೂ ಬನ್ನೆ” ಎಂದು ರೊಟ್ಟಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಘಟ್ಟ ಹತ್ತಿ, ಭಾಗಮಂಡಲದಲ್ಲಿ ತಂಗಿ, ಮಡಿಕೇರಿ ಸೇರಿದೆವು. ದಾರಿಯಲ್ಲಿ ಅವಳು ಹೆಚ್ಚು ಮಾತಾಡಲಿಲ್ಲ. ಜಿಗಣೆ ಹತ್ತಿದಾಗ ಮಾತ್ರ, “ಅಲ್ಲಿ ಜಿಗಣೆ ಉಟ್ಟಾ?” ಎಂದು ಕೇಳಿದಳು. ಇಲ್ಲೆ ಎಂದೆ. “ಅಷ್ಟಾದ್ರೂ ಒಳ್ಳೇದಾತ್” ಎಂದಳು.

ಮಸಣ ಇದ್ದದ್ದು ಇಳಿಜಾರಿನಲ್ಲಿ. ಪಾಚಿ ಹಿಡಿದ ಕಲ್ಲುಗಳು, ಅವುಗಳ ನಡುವೆ ಸೊಂಟದವರೆಗೆ ಹುಲ್ಲು. ಕಾವಲಿನವನೊಬ್ಬ ಹುಲ್ಲು ಕೊಯ್ಯುತ್ತಿದ್ದ. ಕುತ್ತಿಗೆಯಲ್ಲಿ ಶಿಲುಬೆ ಇತ್ತು, ಮನೆಮಾತು ತಮಿಳೆಂದು ಬಾಯಿ ತೆರೆದಾಗ ತಿಳಿಯಿತು.

“ಯಾರನ್ನ ನೋಡ್ಬೇಕು ಸಾಮಿ? ಇಲ್ಲಿ ಎಲ್ಲಾ ದೊರೆಗಳು.”

“ಯಾರನ್ನೂ ಇಲ್ಲ. ತಲೆ ಯಾವ ಕಡೆ ಇಟ್ಟಿದ್ದಾರೆ ಅಂತ ನೋಡೋಕೆ ಬಂದ್ವಿ” ಎಂದೆ.

ಅವನು ಕತ್ತಿ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದ. ಮಸಣಕ್ಕೆ ಬರುವವರ ಬಗ್ಗೆ ಅವನಿಗೆ ಅನುಭವ ಕಡಿಮೆ, ಬಂದವರೇ ಕಡಿಮೆ.

ದೊಡ್ಡವ್ವ ಒಂದೊಂದೇ ಕಲ್ಲಿನ ಮುಂದೆ ನಿಂತಳು. ನಾನು ಓದಿ ಹೇಳಬೇಕಾಯಿತು.

“ಇವ ಎಂತರಲಿ ಸತ್ತದ್ದು?”

“ಜ್ವರ. ಇಪ್ಪತ್ತೆರಡು ವರ್ಷ.”

“ಇವ?”

“ಇವನೂ ಜ್ವರ. ಹತ್ತೊಂಬತ್ತು.”

“ಯುದ್ಧಲಿ ಸತ್ತವು ಯಾರೂ ಇಲ್ಲೆನಾ?”

ಹುಡುಕಿದೆ. ಕುದುರೆಯಿಂದ ಬಿದ್ದವನೊಬ್ಬ ಸಿಕ್ಕಿದ. ಅವಳಿಗೆ ಅದರಿಂದ ತೃಪ್ತಿಯಾಗಲಿಲ್ಲ, ಆದರೆ ಮುಖ ಸ್ವಲ್ಪ ಸಡಿಲವಾಯಿತು. ಮಗ ಭೇದಿಯಿಂದ ಸತ್ತದ್ದನ್ನು ಅವಳು ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಈಗ ದಿಕ್ಕಿನ ವಿಚಾರ. ಕಾವಲಿನವನು ಪಾದ್ರಿಯಿಂದ ಕೇಳಿದ್ದನ್ನು ವಿವರಿಸಿದ. “ತಲೆ ಪಶ್ಚಿಮ, ಕಾಲು ಪೂರ್ವ ಸಾಮಿ. ಕಡೇ ದಿನ ಕೊಂಬು ಊದ್ತಾರೆ. ಆಗ ಎಲ್ಲರೂ ಎದ್ದು ನಿಲ್ತಾರೆ. ನಿಂತಾಗ ಮುಖ ಸೂರ್ಯ ಹುಟ್ಟೋ ಕಡೆ ಇರ್ಬೇಕು.”

ಪಶ್ಚಿಮವೆಂದರೆ ಬಾಳೆದಿಂಡು. ಆದರೂ ಒಂದು ಸಲ ಸುತ್ತ ನೋಡಿದೆ. ಮೇಲಿನ ಸಾಲು ಅವನು ಹೇಳಿದ ಹಾಗೇ ಇತ್ತು. ಕೆಳಗಿನ ಸಾಲುಗಳು ಒಂದೊಂದು ಒಂದೊಂದು ಕಡೆಗಿದ್ದವು.

“ಇವು ಹಾಗಿಲ್ಲವಲ್ಲ?”

“ಇಲ್ಲಿ ಗುಡ್ಡೆ ಹೇಳಿದ ಹಾಗೆ ಸಾಮಿ. ತಲೆ ಮೇಲೆ, ಕಾಲು ಕೆಳಗೆ. ತಲೆ ಕೆಳಗಿಟ್ರೆ ಮಡಿಕೇರಿ ಮಳೆಗೆ ಜಾರಿ ಹೋಗ್ತಾರೆ.” ಗೋಡೆಯ ಪಕ್ಕದ ಒಂದು ಗುಂಪನ್ನು ತೋರಿಸಿದ. “ಅವು ವಾಂತಿಭೇದಿ ಕಾಲದ್ದು. ಆಗ ದಿಕ್ಕು ನೋಡೋಕೆ ಯಾರಿಗೆ ಪುರುಸೊತ್ತು?”

ಹೀಗೆ, ಗುಡ್ಡೆ ಇಲ್ಲದ ಊರಿನಲ್ಲಿ ತಿಳಿಯದ ದಿಕ್ಕು ಗುಡ್ಡೆ ಇದ್ದ ಊರಿನಲ್ಲೂ ತಿಳಿಯಲಿಲ್ಲ. ನಾನು ಒಂದು ಕಲ್ಲಿನ ಮೇಲೆ ಕೂತೆ. ಎರಡು ದಿನ ನಡೆಸಿಕೊಂಡು ಬಂದ ಹೆಂಗಸಿಗೆ ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಅವಳು ಹತ್ತೊಂಬತ್ತರ ಹುಡುಗನ ಮುಂದೆ ನಿಂತಿದ್ದಳು. ಅವನ ಕಾಲು ಇದ್ದದ್ದು ಪೂರ್ವಕ್ಕಲ್ಲ, ಸಂತೆಯ ದಾರಿಯ ಕಡೆಗೆ.

“ಇವನ ಅವ್ವ ಯಾರನ್ನ ಕೇಳ್ತ್?” ಎಂದಳು.

ಕಾವಲಿನವನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. “ಕೇಳೋಕೆ ಯಾರೂ ಬಂದಿಲ್ಲಮ್ಮಾ. ನಮ್ಮಪ್ಪನ ಕಾಲದಿಂದ ನೋಡ್ತಿದ್ದೀನಿ. ನೀವೇ ಮೊದಲು.”

ಅವಳು ಅವನನ್ನೇ ನೇರವಾಗಿ, ಬರುವಷ್ಟು ಕನ್ನಡದಲ್ಲಿ ಕೇಳಿದಳು.

“ಕೊಂಬು ಊದುವಾಗ ಎದ್ದು ನಿಲ್ತಾರೆ ಅಂದಿ ಅಲ್ಲಾ?”

“ಹೌದಮ್ಮಾ.”

“ಇವರೆಲ್ಲಾ ಪಟ್ಟಾಳದವರು ಅಲ್ಲಾ?”

“ಹೌದಮ್ಮಾ.”

“ಎದ್ದು ನಿಂತ ಮೇಲೆ ತಿರುಗಲಿಕ್ಕೆ ಆಗುವುದಿಲ್ಲವಾ?”

ಪಾದ್ರಿ ಕಾವಲಿನವನಿಗೆ ಅಷ್ಟು ದೂರ ಹೇಳಿಕೊಟ್ಟಿರಲಿಲ್ಲ. “ತಿರುಗ್ಬಹುದಮ್ಮಾ. ತಿರುಗಬಾರ್ದು ಅಂತ ಎಲ್ಲೂ ಹೇಳಿಲ್ಲ.”

ದೊಡ್ಡವ್ವ ನನ್ನ ಕಡೆ ನೋಡಿದಳು. “ನಿಮಗೆ ತಿರುಗಿಕೆ ಕಲಿಸ್ತಿದ್ದೊ ಅಲಾ?”

ಕಲಿಸಿದ್ದರು. ಹಡಗು ಹತ್ತುವ ಮೊದಲು ತಿಂಗಳುಗಟ್ಟಲೆ ಬೇರೇನೂ ಕಲಿಸಿರಲಿಲ್ಲ. ಬಲಕ್ಕೆ ತಿರುಗು, ಎಡಕ್ಕೆ ತಿರುಗು, ಹಿಂದಕ್ಕೆ ತಿರುಗು. ಅಣ್ಣ ಎಡ ಬಲ ತಪ್ಪಿ ಬೈಸಿಕೊಳ್ಳುತ್ತಿದ್ದ. ಅದನ್ನು ಅವಳಿಗೆ ಹೇಳಲಿಲ್ಲ, “ಹೌದು ದೊಡ್ಡವ್ವ, ಚೆನ್ನಾಗಿ ಕಲಿಸಿದ್ದೊ” ಎಂದೆ. ಕೊನೆಗೆ ಅವನು ಕಲಿತದ್ದೂ ನಿಜ.

“ಹಾಗಾದ್ರೆ ಸಾಕು” ಎಂದು ಅವಳು ರೊಟ್ಟಿಯ ಗಂಟು ಬಿಚ್ಚಿದಳು. ಕಾವಲಿನವನಿಗೆ ಎರಡು, ನನಗೆ ಎರಡು. ಒಂದನ್ನು ಹತ್ತೊಂಬತ್ತರವನ ಕಲ್ಲಿನ ಮೇಲಿಟ್ಟಳು.

“ಅಮ್ಮಾ, ಕಾಗೆ ತಿಂದ್ಬಿಡುತ್ತೆ” ಎಂದ ಕಾವಲಿನವನು.

“ತಿನ್ನಲಿ. ನಮ್ಮಲ್ಲೂ ತಿನ್ನುವುದು ಕಾಗೆಯೇ.”

ಊರಿಗೆ ಮರಳಿದ ಸಂಜೆ ಅವಳು ಜಗಲಿಯಲ್ಲಿ ನಿಂತು ಸಣ್ಣಜ್ಜನಿಗೆ ವರದಿ ಒಪ್ಪಿಸಿದಳು. ತಲೆ ಎತ್ತ ಇದೆಯೆಂದು ಗೊತ್ತಾಗಲಿಲ್ಲ, ಗೊತ್ತಾಗುವುದೂ ಇಲ್ಲ. ಆದರೆ ಹೈದನಿಗೆ ನಿಂತಲ್ಲೇ ತಿರುಗುವುದನ್ನು ಸರ್ಕಾರವೇ ಕಲಿಸಿದೆ. ನಾವು ಕರೆದರೆ ತಿರುಗುತ್ತಾನೆ. ಕರೆಯದಿದ್ದರೆ ಹೇಗಿದ್ದಾನೋ ಹಾಗೇ ಇರುತ್ತಾನೆ.

ಸಣ್ಣಜ್ಜ ಎಲೆಯಡಿಕೆ ಜಗಿಯುತ್ತಾ ಕೇಳಿದ. ಇಂಥ ವಾದವನ್ನು ಅವನು ಜೀವಮಾನದಲ್ಲಿ ಕೇಳಿರಲಿಲ್ಲ. ಅದನ್ನು ತಳ್ಳಿಹಾಕುವ ನಿಯಮವೂ ಅವನ ತಲೆಯಲ್ಲಿರಲಿಲ್ಲ. ನನ್ನನ್ನು ಕರೆದು, “ನೀ ನೋಡಿದಿಯಾ, ಅವ ತಿರುಗ್ತಿದ್ದದ್ದ್?” ಎಂದು ವಿಚಾರಿಸಿದ.

“ನೋಡಿದೆ ಸಣ್ಣಜ್ಜ. ನಾನವನ ಪಕ್ಕಲೇ ನಿಂತಿದ್ದೆ.”

ಸಾಕ್ಷಿ ಹೇಳಿದ್ದು ಅಷ್ಟೇ. ಬಂದು ಎರಡು ವರ್ಷವಾದ ಮೇಲೆ, ನಾನು ಎಲ್ಲಿ ನಿಂತಿದ್ದೆನೆಂದು ಹೇಳುವ ಸಂದರ್ಭ ಆ ಮನೆಯಲ್ಲಿ ಅಂದೇ ಮೊದಲು ಬಂದದ್ದು.

ಸಣ್ಣಜ್ಜ ಹೊರಗೆ ಉಗುಳಿ ಬಂದ. “ಎಲೆ ಹಾಕಿ” ಎಂದ. “ಕೊನೇಲಿ, ಬಾಗಿಲ ಹತ್ತಿರ. ದೂರಂದ ಬರುವವ.”

ಆ ವರ್ಷ ಕಾರಣರ ಸಾಲಿನಲ್ಲಿ ಒಂದು ಎಲೆ ಹೆಚ್ಚಾಯಿತು. ತಂಗಿಯ ಮದುವೆ ಬೇಸಿಗೆಯಲ್ಲಿ ನಡೆಯಿತು. ನಾನು ಪಿಕಿಂಗ್‌ಗೆ ಅದಕ್ಕೂ ಮೊದಲೇ ಪಾಲಿಬೆಟ್ಟಕ್ಕೆ ಮರಳಿದ್ದೆ. ತಲೆ ಯಾವ ದಿಕ್ಕಿಗಿದೆ ಎಂಬುದು ಇವತ್ತಿಗೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.